ಒತ್ತಿಲ್ಲದ ಫೋನು

"ಒಂದಿಷ್ಟು ಸಾಲು ಬರೆದುಕೊಡ್ರಿ ನಿಲೋಫರ್. ಯಾವುದ್ರಲ್ಲೂ ಒತ್ತಕ್ಷರ ಇರಬಾರದು, ಅಷ್ಟೇ," ಎಂದ ರಘುನಾಥ, ಚಹಾದ ಲೋಟವನ್ನು ಮೇಜಿನ ಮೇಲಿಡುತ್ತ.

ನಿಲೋಫರ್‌ಗೆ ಮೊದಲು ತಮಾಷೆ ಅನ್ನಿಸಿತು. ಅವನ ಮುಖ ನೋಡಿದ ಮೇಲೆ ಅಲ್ಲವೆಂದು ತಿಳಿಯಿತು.

"ಒತ್ತಕ್ಷರ ಬಿಟ್ಟು ಕನ್ನಡದಲ್ಲಿ ಏನು ಬರೀಲಿ ಸರ್?"

"ಏನಾದ್ರೂ ಬರೀರಿ. 'ನಾನು ಊರಿಗೆ ಬರುವೆ.' 'ಊಟ ಮಾಡಿ ಮಲಗಿರಿ.' ಜಗಳೂರು, ಹೊನ್ನಾಳಿ, ನ್ಯಾಮತಿ, ಚನ್ನಗಿರಿ, ನಾಲ್ಕು ಕಡೆ ಅಂಗಡಿಯೋರ ಮುಂದೆ ಬೆರಳಾಡಿಸಿ ತೋರ್ಸಾಕೆ ಅಷ್ಟು ಸಾಕು. ದೀಪಾವಳಿಗೆ ಮಾಲು ಹೊರಗೆ ಹೋಗ್ಬೇಕು. ಹೋಗ್ಲೇಬೇಕು."

ಆಗಿನ್ನೂ ಎರಡು ಸಾವಿರದ ಹತ್ತನೆಯ ಇಸವಿ. ದಾವಣಗೆರೆಯಲ್ಲೇ ಗುಂಡಿ ಇಲ್ಲದ ಫೋನನ್ನು ಕೈಯಲ್ಲಿ ಹಿಡಿದವರು ಅಪರೂಪ. ಹಿಡಿದವರು ಅದನ್ನು ಬರಿಯ ಮಾತಾಡಲು ಬಳಸುತ್ತಿರಲಿಲ್ಲ. ಬಸ್ಸಿನಲ್ಲಿ ಪಕ್ಕದವರಿಗೆ ಕಾಣುವ ಹಾಗೆ ಫೋಟೋಗಳನ್ನು ಬೆರಳಿನಿಂದ ಸರಿಸುತ್ತ ಕೂರುತ್ತಿದ್ದರು. ರಘುನಾಥ ಮೊದಲು ಮೊಬೈಲ್ ರಿಪೇರಿಯ ಅಂಗಡಿ ಇಟ್ಟಿದ್ದವನು. ಚೀನಾಕ್ಕೆ ಹೋಗಿ ಬಂದು, ಅಲ್ಲಿಂದ ಬಿಡಿಭಾಗಗಳನ್ನು ತರಿಸಿ, ಕೈಗಾರಿಕಾ ಪ್ರದೇಶದ ಒಂದು ಶೆಡ್ಡಿನಲ್ಲಿ ಜೋಡಿಸಿ, 'ಬೆರಳು' ಎಂಬ ಹೆಸರಿನಲ್ಲಿ ಟಚ್‌ಸ್ಕ್ರೀನ್ ಫೋನು ಮಾರುವ ಹಟ ತೊಟ್ಟಿದ್ದ. ದೊಡ್ಡ ಕಂಪನಿಗಳ ಅಂಥ ಫೋನಿನಲ್ಲಿ ಕನ್ನಡ ಇರಲಿಲ್ಲ. ತನ್ನದರಲ್ಲಿ ಇರುತ್ತದೆ ಎಂಬುದೇ ಅವನ ಬಂಡವಾಳವಾಗಿತ್ತು.

ಆ ಕನ್ನಡವನ್ನು ಗಾಜಿನ ಮೇಲೆ ಕೂರಿಸಲು ಅವನು ಹುಡುಕಿಕೊಂಡು ಬಂದದ್ದು ನಿಲೋಫರ್‌ಳನ್ನು. ಚನ್ನಗಿರಿಯ ಪೇಟೆಯಲ್ಲಿ ಅವಳು ಡಿಟಿಪಿ ಮಾಡುತ್ತಿದ್ದಳು. ಮದುವೆ ಪತ್ರಿಕೆ, ಅಡಿಕೆ ಮಂಡಿಗಳ ಬಿಲ್ ಪುಸ್ತಕ, ಗೃಹಪ್ರವೇಶದ ಕರೆಯೋಲೆ, ಎಲ್ಲದರ ಅಕ್ಷರಗಳನ್ನೂ ಕಂಪ್ಯೂಟರಿನಲ್ಲಿ ಒಂದೊಂದಾಗಿ ತಿದ್ದಿ ಕೂರಿಸುವುದು ಅವಳ ರೂಢಿ. ಆ ರೂಢಿ ಅಪ್ಪನದು. ಸುಬಾನಸಾಬರು ಫ್ಲೆಕ್ಸ್ ಬರುವ ತನಕ ಊರಿನ ಅರ್ಧ ಅಂಗಡಿಗಳ ಬೋರ್ಡು ಬರೆದವರು. ಮೊದಲು ಅಕ್ಷರ ಬರೆದು, ಆಮೇಲೆ ದೂರ ಹೋಗಿ ನಿಂತು ನೋಡಿ, ಕೊನೆಗೆ ಸಣ್ಣ ಕುಂಚ ತೆಗೆದುಕೊಂಡು ಒತ್ತುಗಳನ್ನು ಬರೆಯುತ್ತಿದ್ದರು. ಮಗಳು ಬಣ್ಣದ ಡಬ್ಬಿ ಹಿಡಿದು ಅದನ್ನು ನೋಡುತ್ತಲೇ ಬೆಳೆದಿದ್ದಳು.

ವಾರವಿಡೀ ದಾವಣಗೆರೆಯಲ್ಲಿ ಚಿಕ್ಕಮ್ಮನ ಮನೆಯಲ್ಲಿದ್ದು, ಶನಿವಾರ ಸಂಜೆಯ ಬಸ್ಸಿಗೆ ಊರಿಗೆ ಹೋಗುವುದು ಎಂದು ಗೊತ್ತು ಮಾಡಿಕೊಂಡು ಅವಳು ಕೆಲಸಕ್ಕೆ ಸೇರಿದ್ದಳು. ಜೊತೆಗೆ ಇದ್ದವನು ಪ್ರೋಗ್ರಾಂ ಬರೆಯುವ ವಿನೋದ್. ಕಡಿಮೆ ಮಾತಿನವನು, ಸಿಟ್ಟು ಬಂದರೆ ಉಗುರು ಕಚ್ಚುವವನು.

ಮೊದಲು ತಂದ ಗಾಜು ಪ್ಲಾಸ್ಟಿಕ್ಕಿನ ಹಾಗಿತ್ತು. ಕಡ್ಡಿಯಿಂದಲೋ ಉಗುರಿನಿಂದಲೋ ಒತ್ತಬೇಕಿತ್ತು. ಬರೆಯುವ ಹೊತ್ತಿಗೆ ಕಡ್ಡಿ ಎಲ್ಲಿ ಬಿತ್ತೆಂದು ಹುಡುಕುವುದೇ ಕೆಲಸ. ಆಮೇಲೆ ಬಂದ ಗಾಜು ಬೆರಳು ಸೋಕಿದರೆ ಸಾಕು ಓಗೊಡುತ್ತಿತ್ತು. ಅಷ್ಟು ಸಣ್ಣ ಜಾಗದಲ್ಲಿ ಇಡೀ ವರ್ಣಮಾಲೆ ಹಿಡಿಸುವುದು ಹೇಗೆ? ಎಲ್ಲ ಅಕ್ಷರ ಇಟ್ಟರೆ ಒಂದನ್ನು ಮುಟ್ಟಿದಾಗ ಪಕ್ಕದ್ದು ಬೀಳುತ್ತಿತ್ತು. ನಿಲೋಫರ್ ಕಾಗದದ ಮೇಲೆ ಬರೆದು ಹರಿದು, ಬರೆದು ಹರಿದು, ಕೊನೆಗೊಂದು ದಾರಿ ಕಂಡಳು. 'ಕ' ಮೇಲೆ ಬೆರಳಿಟ್ಟು ಹಾಗೇ ಹಿಡಿದರೆ ಬೆರಳಿನ ಸುತ್ತ ಕಾ, ಕಿ, ಕೀ, ಕು ಎಂದು ಕಾಗುಣಿತ ಬಳೆಯಂತೆ ಬಿಚ್ಚಿಕೊಳ್ಳಬೇಕು. ಬೇಕಾದ ಕಡೆ ಬೆರಳು ಜಾರಿಸಿದರೆ ಅಕ್ಷರ ಬೀಳಬೇಕು. ವಿನೋದ್ ಅದನ್ನು ಮಾಡಿ ತೋರಿಸಿದ ದಿನ ಇಬ್ಬರೂ ಮಕ್ಕಳ ಹಾಗೆ ಸರದಿಯ ಮೇಲೆ ಫೋನು ಕಿತ್ತುಕೊಂಡು ಬರೆದರು.

ಜಗಳೂರಿಗೆ ಒಯ್ದು ಕುರಿ ಸಾಕುವವರ ಕೈಗೆ ಕೊಟ್ಟಾಗ ಗಾಜು ಸುಮ್ಮನೆ ಕೂತುಬಿಟ್ಟಿತು. ಉಣ್ಣೆ ಕತ್ತರಿಸಿ, ಮೆಕ್ಕೆಜೋಳದ ತೆನೆ ಮುರಿದು ಒರಟಾದ ಒಣ ಬೆರಳುಗಳು ಅದಕ್ಕೆ ಗೊತ್ತೇ ಆಗುತ್ತಿರಲಿಲ್ಲ. "ನಮ್ ಬೆಳ್ಳು ಇದ್ಕೆ ಹಿಡ್ಸಲ್ಲ ಬಿಡ್ರಿ," ಎಂದು ಅವರು ನಕ್ಕು ಹಿಂದಕ್ಕೆ ಕೊಟ್ಟರು. ವಿನೋದ್ ವಾರಗಟ್ಟಲೆ ಕೂತು ಅದನ್ನೂ ಸರಿಮಾಡಿದ. ಎರಡನೆಯ ಸಲ ಹೋದಾಗ ಶರಣು ಎಂಬ ಕುರಿಗಾಹಿ ಹೆಬ್ಬೆರಳನ್ನು ಅಂಗಿಗೆ ಒರೆಸಿಕೊಂಡು ತನ್ನ ಹೆಸರು ಬರೆದ. ಶರಣು. ಬರೆದದ್ದು ಬಂತು. ಅವನು ಸುತ್ತ ನಿಂತವರಿಗೆಲ್ಲ ತೋರಿಸಿಕೊಂಡು ಬಂದ.

ಎಡವಟ್ಟು ಗೊತ್ತಾಗದೆ ಉಳಿದದ್ದೇ ಹೀಗೆ. ಪರೀಕ್ಷೆ ಮಾಡುವಾಗ ಎಲ್ಲರೂ ಬರೆಯುವುದು ತಮ್ಮ ತಮ್ಮ ಹೆಸರು. ನಿಲೋಫರ್, ವಿನೋದ್, ರಘುನಾಥ, ಶರಣು. ಒಬ್ಬರ ಹೆಸರಿನಲ್ಲೂ ಒತ್ತಿಲ್ಲ. ಊರ ಹೆಸರು ಬರೆದರೆ ಜಗಳೂರು, ಅದರಲ್ಲೂ ಇಲ್ಲ. ಒಂದು ಮಧ್ಯಾಹ್ನ ನಿಲೋಫರ್ ತಾಯಿಗೆ ತೋರಿಸೋಣವೆಂದು 'ಅಮ್ಮ' ಎಂದು ಬರೆದಳು. ಗಾಜಿನ ಮೇಲೆ ಬಂದದ್ದು 'ಅಮ್‌ಮ'. ಅಕ್ಷರದ ಕೆಳಗೆ ಕೂರಬೇಕಾದ ಒತ್ತು ಬಾಗಿಲಲ್ಲಿ ತಡೆದು ನಿಲ್ಲಿಸಿದವರ ಹಾಗೆ ಪಕ್ಕದಲ್ಲಿ ನಿಂತಿತ್ತು. 'ಅಪ್‌ಪ.' 'ಅಕ್‌ಕ.' 'ಅಣ್‌ಣ.' ಬರೆದು ನೋಡಿದ ಮನೆಮಂದಿಯಲ್ಲಿ ತಂಗಿಯೊಬ್ಬಳೇ ನೆಟ್ಟಗೆ ಬಂದವಳು.

ವಿನೋದ್ ಉಗುರು ಕಚ್ಚಿಕೊಂಡ. ಅಕ್ಷರ ಜೋಡಿಸುವ ಭಾಗ ಚೀನಾದ ಚಿಪ್ಪಿನೊಳಗೇ ಇದೆ, ಅದನ್ನು ತೆಗೆದು ಹೊಸದು ಬರೆಯಲು ತಿಂಗಳುಗಳು ಹಿಡಿಯುತ್ತವೆ, ಎಂದ. ಹಿಡಿಯಲಿ, ಬರಿ, ಎಂದಳು ಅವಳು. ರಘುನಾಥ ಒಪ್ಪಲಿಲ್ಲ. ಒತ್ತಿಲ್ಲದ ಸಾಲುಗಳನ್ನು ಕೇಳಿದ್ದು ಅದಾದ ಮೇಲೆ.

ನಿಲೋಫರ್ ಬರೆದುಕೊಟ್ಟಳು. ಕೆಲಸ ಬೇಕಿತ್ತು; ಕಾಗುಣಿತದ ಆ ಬಳೆ ತನ್ನದೆಂಬ ಹೆಮ್ಮೆಯೂ ಇತ್ತು. 'ಕುರಿಗಳಿಗೆ ನೀರು ಕುಡಿಸಿ.' 'ನಾಳೆ ಸಂಜೆ ಮನೆಗೆ ಬರುವೆ.' 'ಮಗಳು ಶಾಲೆಗೆ ಹೋದಳು.' ಬರೆಯುತ್ತ ಹೋದ ಹಾಗೆ ಅವಳಿಗೆ ಒಂದು ಸಂಗತಿ ಕಂಡಿತು. ಈ ಫೋನಿನಲ್ಲಿ 'ಹೂಂ' ಅನ್ನಬಹುದು, 'ಆಯಿತು' ಅನ್ನಬಹುದು, 'ಸರಿ' ಅನ್ನಬಹುದು. 'ಇಲ್ಲ' ಅನ್ನಲಾಗದು. 'ಅಲ್ಲ' ಆಗದು, 'ಒಲ್ಲೆ' ಆಗದು. ಅವಳು ಪೆನ್ನು ಕೆಳಗಿಟ್ಟು ಕಿಟಕಿಯಾಚೆ ಲಾರಿಗಳು ಹೋಗುವುದನ್ನು ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಹಾಳೆಯನ್ನು ಕೊಟ್ಟು ಬಂದಳು.

ಜಗಳೂರಿನಲ್ಲಿ ಎಲ್ಲ ಸಲೀಸಾಗಿ ಆಯಿತು. ಅಂಗಡಿಯ ಮುಂದೆ ಸೇರಿದವರು ಬಳೆ ಬಿಚ್ಚಿಕೊಳ್ಳುವುದನ್ನು ನೋಡಿ ಚಪ್ಪಾಳೆ ಹೊಡೆದರು. ಹೊನ್ನಾಳಿಗೆ ಅವರು ಹೋದದ್ದು ಮರುದಿನ. ಬಸ್ ನಿಲ್ದಾಣದ ಹತ್ತಿರ ಹಾಲೇಶಪ್ಪನ ಮೊಬೈಲ್ ಅಂಗಡಿ. ಅವನು ಶಾಮಿಯಾನ ಹಾಕಿಸಿ, ಕುರ್ಚಿ ಇಡಿಸಿ, ಮುಂದಿನ ಸಾಲಿನಲ್ಲಿ ಪಂಚಾಯಿತಿ ಸದಸ್ಯೆ ಗಿಡ್ಡಮ್ಮನನ್ನು ಕೂರಿಸಿದ್ದ. ಅರವತ್ತರ ಹತ್ತಿರದ ಗಟ್ಟಿ ಹೆಂಗಸು. ಗೆದ್ದ ಹೊಸದರಲ್ಲಿ ಸಭೆಯ ಪುಸ್ತಕದಲ್ಲಿ ಹೆಬ್ಬೆಟ್ಟು ಒತ್ತಿದಾಗ ಪಕ್ಕದವರು ನಕ್ಕರಂತೆ. ಮೊಮ್ಮಗಳ ಸ್ಲೇಟು ಹಿಡಿದು ಹೆಸರು ಬರೆಯುವುದನ್ನು ಕಲಿತು, ಮುಂದಿನ ಸಭೆಗೆ ಹೋಗಿ ಎಲ್ಲರಿಗಿಂತ ದೊಡ್ಡದಾಗಿ ಸಹಿ ಹಾಕಿ ಬಂದವಳು ಎಂದು ಹಾಲೇಶಪ್ಪ ಮೈಕಿನಲ್ಲಿ ಹೇಳಿದ. ಗಿಡ್ಡಮ್ಮ ನಗಲಿಲ್ಲ, ಸೆರಗು ಸರಿಮಾಡಿಕೊಂಡಳು.

ನಿಲೋಫರ್ ಫೋನಿನಲ್ಲಿ ಕುರಿಗಳಿಗೆ ನೀರು ಕುಡಿಸಿದಳು, ಮಗಳನ್ನು ಶಾಲೆಗೆ ಕಳಿಸಿದಳು. ಅಂಗೈಯಗಲದ ಗಾಜನ್ನು ಎಲ್ಲರೂ ಕುತ್ತಿಗೆ ಚಾಚಿ ನೋಡಿದರು. ಆಗ ಗಿಡ್ಡಮ್ಮ ಎದ್ದು ಬಂದಳು.

"ಚೆಂದಾಗೈತೆ ಕಣವ್ವ. ನನ್ ಹೆಸ್ರು ಬರ್ದು ತೋರ್ಸು."

ಇಂಥದಕ್ಕೆ ಏನು ಹೇಳಬೇಕೆಂದು ರಘುನಾಥ ಮೊದಲೇ ಕಲಿಸಿಕೊಟ್ಟಿದ್ದ: ಬ್ಯಾಟರಿ ಮುಗಿಯಿತು, ಇಲ್ಲವೇ ಅಪ್‌ಡೇಟ್ ಆಗುತ್ತಿದೆ. ಹಿಂದೆ ನಿಂತಿದ್ದ ವಿನೋದ್ ಸಣ್ಣಗೆ ಕೆಮ್ಮಿದ. ನಿಲೋಫರ್ ಮುದುಕಿಯ ಮುಖ ನೋಡಿದಳು. ಅವಳು ಫೋನನ್ನು ನೋಡುತ್ತಿರಲಿಲ್ಲ; ತನ್ನ ಹೆಸರು ಬರುವ ಜಾಗವನ್ನು ನೋಡುತ್ತಿದ್ದಳು.

ನಿಲೋಫರ್ ಬರೆದಳು. ಗಾಜಿನ ಮೇಲೆ 'ಗಿಡ್‌ಡಮ್‌ಮ' ಎಂದು ಬಂತು.

ಗಿಡ್ಡಮ್ಮ ಹತ್ತಿರ ಬಾಗಿ ನೋಡಿದಳು. ಬೆರಳಿನಿಂದ ಗಾಳಿಯಲ್ಲಿ ತನ್ನ ಸಹಿಯನ್ನು ಒಮ್ಮೆ ಬರೆದುಕೊಂಡು ಮತ್ತೆ ನೋಡಿದಳು. "ಇದು ನಂದಲ್ಲ. ನನ್ ಹೆಸ್ರಿಗೆ ಅಡೀಲಿ ಎಲ್ಡು ಬರ್ತಾವೆ. ಅವ್ನ ಕಿತ್ತು ಪಕ್ಕಕ್ಕೆ ಯಾಕೆ ಹಾಕೀಯಾ?"

"ನಾನು ಹಾಕಿಲ್ಲಮ್ಮ, ಫೋನು ಹಂಗೆ ಬರೆಯುತ್ತೆ."

"ನಿಂಗೆ ಮೊದ್ಲೇ ಗೊತ್ತಿತ್ತಾ?"

ಶಾಮಿಯಾನದ ಕೆಳಗೆ ಎಲ್ಲರೂ ಕೇಳಿಸಿಕೊಳ್ಳುತ್ತಿದ್ದರು. ಗೊತ್ತಿರಲಿಲ್ಲ ಅಂದರೆ ಮುಗಿದುಹೋಗುತ್ತಿತ್ತು.

"ಗೊತ್ತಿತ್ತು," ಎಂದಳು ನಿಲೋಫರ್. ಒಂದು ಮಾತು ಹೊರಬಿದ್ದ ಮೇಲೆ ಉಳಿದವು ತಡೆಯಲಿಲ್ಲ. "ಒತ್ತಕ್ಷರ ಬರಲ್ಲ ಇದ್ರಲ್ಲಿ. ಅಮ್ಮ ಅಂತ ಬರೆಯಾಕೆ ಆಗಲ್ಲ, ಹೊನ್ನಾಳಿ ಅಂತ ಬರೆಯಾಕೆ ಆಗಲ್ಲ. ಹಾಡು ಬರ್ತಾವೆ, ಫೋಟೋ ಬರ್ತಾವೆ, ಅವಕ್ಕೆ ಬೇಕಾದ್ರೆ ತಗೊಳ್ಳಿ. ಆದ್ರೆ ಬಾಕ್ಸ್ ಮೇಲೆ ಕನ್ನಡ ಅಂತ ಐತಲ್ಲ, ಅದನ್ನ ನಂಬಿ ತಗೋಬೇಡ್ರಿ."

"ಫೋನೊಳಗೆ ಭಾಷೆ ಆರಿಸೋ ಕಡೆ ಕನ್ನಡ ಅಂತ ನೆಟ್ಟಗೇ ಐತಲ್ಲ?" ಎಂದ ಹಾಲೇಶಪ್ಪ. ಅವನ ದನಿಯಲ್ಲಿ ಸಿಟ್ಟಿಗಿಂತ ಗೊಂದಲ ಹೆಚ್ಚಿತ್ತು.

"ಅದು ಅಕ್ಷರ ಅಲ್ಲ ಅಣ್ಣಾ, ಚಿತ್ರ. ಬರೆದು ಫೋಟೋ ತೆಗೆದು ಅಂಟಿಸಿರೋದು."

ಚಿತ್ರ ಅಂಟಿಸಿದವನು ವಿನೋದ್. ಅವನು ಶಾಮಿಯಾನದ ಕಂಬ ಹಿಡಿದು ನೆಲ ನೋಡುತ್ತ ನಿಂತ.

ರಘುನಾಥನ ಕರೆ ಬರಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ನ್ಯಾಮತಿಗೆ ಹೋಗಬೇಡಿ, ನೇರ ಆಫೀಸಿಗೆ ಬನ್ನಿ, ಎಂದ. "ಇಲ್ಲ ಸರ್, ಇವತ್ತು ನ್ಯಾಮತಿ ಅಂತ ಗೊತ್ತುಮಾಡಿತ್ತಲ್ಲ, ಹೋಗಿ ಬರ್ತೀನಿ," ಎಂದು ಅವಳು ಕರೆ ಕತ್ತರಿಸಿದಳು. ವಿನೋದ್ ಕಂಪನಿಯ ವ್ಯಾನು ಹತ್ತಿದ. ಹತ್ತುವ ಮೊದಲು, "ನಂಗೆ ಮನೇಲಿ ತಂಗಿ ಮದ್ವೆ ಐತೆ ನಿಲೋಫರ್," ಎಂದ. ಅವಳು ತಲೆಯಾಡಿಸಿ ಬಸ್ಸು ಹಿಡಿದಳು.

ನ್ಯಾಮತಿ ಆಗಿನ್ನೂ ತಾಲ್ಲೂಕಾಗಿರಲಿಲ್ಲ. ಅಲ್ಲಿಯ ಅಂಗಡಿಯ ನಾಗೇಂದ್ರಪ್ಪನಿಗೆ ವಿಷಯ ಆಗಲೇ ಮುಟ್ಟಿತ್ತು. ಗೊಬ್ಬರದ ಚೀಲಗಳ ಪಕ್ಕದಲ್ಲೇ ಫೋನುಗಳನ್ನು ಇಟ್ಟುಕೊಂಡು ಮಾರುತ್ತಿದ್ದ ಆತ ಅವಳನ್ನು ಕೂರಲು ಹೇಳಲಿಲ್ಲ.

"ನೋಡ್ರಿ, ಜನ ಹಾಡು ಕೇಳಾಕೆ, ಪಿಚ್ಚರ್ ನೋಡಾಕೆ ಫೋನು ತಗೊಂತಾರೆ. ಅಕ್ಷರ ಯಾರಿಗೆ ಬೇಕು? ಹೊನ್ನಾಳಿಯಾಗೆ ಕೆಡಿಸಿದ್ದು ಸಾಕು."

"ಬೇಡದಿದ್ರೆ ಬಾಕ್ಸ್ ಮೇಲೆ ಕನ್ನಡ ಅಂತ ಯಾಕೆ ಬರೆದೈತೆ?"

"ಅಲ್ಲಾ, ನಿಮ್ ಮನೇಲಿ ಮಾತಾಡೋದು ಉರ್ದು. ಕನ್ನಡದ ಒತ್ತು ಹೋದ್ರೆ ನಿಮಗೇನ್ರೀ ಹೋಗ್ಬೇಕು?"

ಅಂಗಡಿಯಲ್ಲಿ ಬೀಜ ಕೊಳ್ಳಲು ಬಂದವರು ಇವಳತ್ತ ತಿರುಗಿದರು. ನಿಲೋಫರ್‌ಗೆ ಕೆನ್ನೆ ಬಿಸಿಯಾಯಿತು. "ನಮ್ಮಪ್ಪ ಇಷ್ಟು ವರ್ಷ ಬರೆದಿದ್ದು ನಿಮ್ಮಂಥೋರ ಅಂಗಡಿ ಬೋರ್ಡೇ. ನಾವು ಉಂಡಿರೋದು ಈ ಅಕ್ಷರದ್ದು. ಮನೇಲಿ ಏನು ಮಾತಾಡ್ತೀನಿ ಅನ್ನೋದು ನನ್ನ ಮನೆ ವಿಷಯ," ಎಂದಳು. ನಾಗೇಂದ್ರಪ್ಪ ತಕ್ಕಡಿಯ ಕಡೆ ತಿರುಗಿದ. ಹೊರಗೆ ಹೋಗಿ ಎಂದು ಹೇಳುವ ಅಗತ್ಯವೇ ಉಳಿಯಲಿಲ್ಲ. ಊರಿನ ಬಸ್ಸಿಗೆ ಕಾಯುತ್ತ ನಿಂತಾಗ ಅವಳಿಗೆ ಅಳು ಬಂತು. ಅಲ್ಲಿ ಅಳಬಾರದೆಂದು ಕಡಲೆಕಾಯಿ ಕೊಂಡು ಬಾಯಿಗೆ ಹಾಕಿಕೊಂಡು ಜೋರಾಗಿ ಅಗಿದಳು.

ಅಂದು ರಾತ್ರಿ ಚನ್ನಗಿರಿಯ ಮನೆಗೆ ರಘುನಾಥನೇ ಬಂದ. ಮರುದಿನ ಅಲ್ಲಿಯ ಕಲ್ಯಾಣಮಂಟಪದಲ್ಲಿ ಕೊನೆಯ, ಎಲ್ಲಕ್ಕಿಂತ ದೊಡ್ಡ ಕಾರ್ಯಕ್ರಮ. ತಾಯಿ ಆಮಿನಾ ಚಹಾ ಕೊಟ್ಟಳು. ಅವನು ಅದನ್ನು ಗೌರವದಿಂದಲೇ ಕುಡಿದ. ಅವನು ಕೆಟ್ಟವನಾಗಿರಲಿಲ್ಲ. ಅವಸರ ಅವನಿಂದ ಹೀಗೆಲ್ಲ ಮಾಡಿಸುತ್ತಿತ್ತು.

"ನಿಲೋಫರ್, ದೊಡ್ಡ ಕಂಪನಿಯೋರು ಬರೋದ್ರೊಳಗೆ ನಾವು ಕಾಲೂರಬೇಕು. ಮುಂದಿನ ಮಾಡೆಲ್‌ನಲ್ಲಿ ಒತ್ತು ತಂದೇ ತರ್ತೀನಿ. ಆ ವಿಭಾಗಕ್ಕೆ ನೀವೇ ಮುಖ್ಯಸ್ಥರು. ನಾಳೆ ಒಂದಿನ ಬಂದು ಡೆಮೋ ಮಾಡ್ರಿ."

"ಮಾಡ್ತೀನಿ ಸರ್. ಬಾಕ್ಸ್ ಮೇಲಿರೋ 'ಕನ್ನಡ' ಅನ್ನೋ ಮಾತು ತೆಗೆಸ್ರಿ. ಒಳಗಿರೋ ಚಿತ್ರ ತೆಗೆಸ್ರಿ."

"ಅದೇ ಹೋದ್ರೆ ಮಾರೋದೇನನ್ನ?"

"ಬರೋದನ್ನ ಮಾರ್ರಿ. ಬರದೇ ಇರೋದನ್ನ ಯಾಕೆ?"

ಅವನ ದನಿ ಗಡುಸಾಯಿತು. ಕಂಪನಿಯ ಗುಟ್ಟು ಹೊರಗೆ ಹೇಳಬಾರದೆಂದು ಕೆಲಸಕ್ಕೆ ಸೇರುವಾಗ ಒಪ್ಪಿದ್ದೀರಿ, ಎಂದ. ಕೇಸು ಹಾಕಿದರೆ ಅಲೆಯುವವರು ನೀವೇ. ಕೊನೆಗೆ ಎದ್ದು ನಿಂತು, "ನಿಮ್ಮ ಹೆಸರು ಕೆಟ್ಟು ಹೋಗುತ್ತೆ ನೋಡ್ರಿ," ಎಂದ.

"ನನ್ನ ಹೆಸರಿಗೇನೂ ಆಗಲ್ಲ ಸರ್," ಎಂದಳು ನಿಲೋಫರ್. "ಅದು ನಿಮ್ಮ ಫೋನಲ್ಲೂ ನೆಟ್ಟಗೇ ಬರುತ್ತೆ. ನಿಮ್ಮದೂ ಬರುತ್ತೆ. ಅದಕ್ಕೇ ನಮ್ಮಿಬ್ಬರಿಗೂ ಇದು ಮೊದಲು ಕಾಣಲಿಲ್ಲ." ತೋರಿಸಲು ಕೊಟ್ಟಿದ್ದ ಫೋನನ್ನು ಒರೆಸಿ ಅವನ ಕೈಗಿಟ್ಟಳು. "ಕೇಸು ಹಾಕ್ರಿ. ಕೋರ್ಟಲ್ಲೂ ಇದನ್ನೇ ಹೇಳ್ತೀನಿ."

ಅವನು ಹೋದ ಮೇಲೆ ಆಮಿನಾ ಮಗಳನ್ನು ಬೈದಳು. ಕೈಗೆ ಬಂದ ಕೆಲಸವನ್ನು ಯಾರಾದರೂ ಹೀಗೆ ಒದೆಯುತ್ತಾರಾ ಎಂದಳು. ಬೈಯುತ್ತಲೇ ರೊಟ್ಟಿ ಬಡಿದು ಹಾಕಿದಳು.

ಬೆಳಗಿನ ನಮಾಜು ಮುಗಿಸಿ ಸುಬಾನಸಾಬರು ಬರುವ ಹೊತ್ತಿಗೆ ನಿಲೋಫರ್ ಹಿತ್ತಲಿನಲ್ಲಿ ಹಳೆಯ ತಗಡಿನ ಬೋರ್ಡೊಂದನ್ನು ಉಜ್ಜಿ ಬಿಳಿ ಬಣ್ಣ ಬಳಿದು ಒಣಗಲೆಂದು ಗೋಡೆಗೆ ಒರಗಿಸಿದ್ದಳು.

"ಅಬ್ಬಾ, ಒಂದು ಬೋರ್ಡ್ ಬರೆದುಕೊಡ್ರಿ. 'ಚನ್‌ನಗಿರಿ' ಅಂತ. ಒತ್ತು ಕೆಳಗೆ ಬೇಡ, ಪಕ್ಕಕ್ಕೆ. ಫೋನಲ್ಲಿ ಹೆಂಗೆ ಬರುತ್ತೋ ಹಂಗೆ."

ಸುಬಾನಸಾಬರು ಕುಂಚ ತೆಗೆದುಕೊಂಡರು. ಬಣ್ಣದಲ್ಲಿ ಅದ್ದಿದರು. 'ಚ' ಬರೆದರು. ಮುಂದೆ ಕೈ ಏಳಲಿಲ್ಲ. ಎರಡು ಸಲ ಬೋರ್ಡಿನ ಹತ್ತಿರ ಒಯ್ದು ಎರಡು ಸಲವೂ ಹಿಂದಕ್ಕೆಳೆದರು.

"ನನ್ ಕೈಯಾಗೆ ಆಗಲ್ಲ ಬೇಟಿ. ಊರಿನ ಹೆಸರು ತಪ್ಪು ಬರೆದ್ರೆ ನಾಳೆ ನಾನು ಪೇಟೆಯಾಗೆ ಹೆಂಗೆ ಓಡಾಡ್ಲಿ?"

"ಸರಿಯಾಗಿ ಬರೆದ್ರೆ ಜನಕ್ಕೆ ಗೊತ್ತಾಗಲ್ಲ ಅಬ್ಬಾ."

"ಹಂಗಾದ್ರೆ ನೀನೇ ಬರಿ. ಡಬ್ಬಿ ನಾನು ಹಿಡ್ಕೊಂತೀನಿ."

ಹಾಗೆಯೇ ಆಯಿತು. ಅವಳ ಕೈಯೂ ಸುಲಭಕ್ಕೆ ಬಾಗಲಿಲ್ಲ. ಹಲ್ಲು ಕಚ್ಚಿ ಬರೆದಳು. ಗೇಣುದ್ದದ ಕೆಂಪು ಅಕ್ಷರ. ಕೆಳಗೆ ಸಣ್ಣದಾಗಿ, ಈ ಸಲ ಎಲ್ಲ ಒತ್ತುಗಳೂ ಅವುಗಳ ಜಾಗದಲ್ಲಿ: 'ಬೆರಳು ಫೋನಿನಲ್ಲಿ ನಮ್ಮ ಊರಿನ ಹೆಸರು ಹೀಗೆ ಬರುತ್ತದೆ.'

ಕಲ್ಯಾಣಮಂಟಪದ ಎದುರಿನ ರಸ್ತೆಯಲ್ಲಿ ಅವಳು ಬೋರ್ಡು ಹಿಡಿದು ನಿಂತಳು. ಮೊದಲು ಬಂದವರು ನಕ್ಕರು. "ಏನಮ್ಮಾ, ಊರಿನ ಹೆಸರು ಬರೆಯಾಕೆ ಬರಲ್ವಾ?" ಎಂದು ಬೈಕಿನ ಮೇಲಿದ್ದವನೊಬ್ಬ ಕೂಗಿದ. "ನಂಗೆ ಬರುತ್ತೆ. ಒಳಗೆ ಹೋಗಿ ಫೋನಿಗೆ ಬರುತ್ತಾ ಕೇಳಿ," ಎಂದು ಅವಳೂ ಕೂಗಿದಳು. ಅಡಿಕೆ ಮಂಡಿಗೆ ಹೊರಟಿದ್ದ ಅಂತರಘಟ್ಟಮ್ಮ ಎಂಬ ಅಡಿಕೆ ಸುಲಿಯುವ ಹೆಂಗಸು ನಿಂತು, ಓದಿ, ತನ್ನ ಹೆಸರು ಹೇಗೆ ಬರುತ್ತದೆಂದು ಕೇಳಿದಳು. ನಿಲೋಫರ್ ಬೋರ್ಡಿನ ಹಿಂಬದಿಯಲ್ಲಿ ಸೀಮೆಸುಣ್ಣದಿಂದ ಬರೆದು ತೋರಿಸಿದಳು: 'ಅಂತರಘಟ್‌ಟಮ್‌ಮ'. "ಥೂ, ಇದೇನು ಉಬ್ಬಸ ಬಂದೋರು ಕರ್ದಂಗೈತೆ!" ಎಂದು ಅಂತರಘಟ್ಟಮ್ಮ ಜೊತೆಯವರನ್ನೆಲ್ಲ ಕರೆದುಕೊಂಡು ನೇರ ಒಳಗೆ ಹೋದಳು.

ಆಮೇಲೆ ಒಳಗೆ ಏನಾಯಿತೆಂದು ಹೇಳಿದವನು ವಿನೋದ್. ರಘುನಾಥ ಸ್ವಾಗತದ ಮಾತು ಶುರುಮಾಡಿದ್ದ. ಹೆಂಗಸರು ಸಾಲಾಗಿ ವೇದಿಕೆಗೇ ಬಂದು, ನಮ್ಮ ಹೆಸರು ಬರೆಯಿರಿ ಎಂದರು. ಅಂಗಡಿಯವರು ಊರಿನ ಹೆಸರು ಬರೆಯಿರಿ ಎಂದರು. ಬ್ಯಾಟರಿ ಮುಗಿದಿದೆ ಎಂದು ರಘುನಾಥ ಮೈಕಿನಲ್ಲಿ ಹೇಳಿದ. ಫೋನು ವಿನೋದನ ಕೈಯಲ್ಲಿತ್ತು. "ಮುಗಿದಿಲ್ಲ," ಎಂದ ಅವನು, ಜನ್ಮದಲ್ಲಿ ಮೊದಲ ಸಲ ಮೈಕಿನ ಹತ್ತಿರ ಬಂದು. ಅಲ್ಲೇ 'ಚನ್ನಗಿರಿ' ಎಂದು ಬರೆದು, ಗಾಜಿನ ಮೇಲೆ ಬಂದದ್ದನ್ನು ಎಲ್ಲರಿಗೂ ಕಾಣುವ ಹಾಗೆ ಎತ್ತಿ ಹಿಡಿದ.

ರಘುನಾಥ ರಸ್ತೆ ದಾಟಿ ಬಂದಾಗ ನಿಲೋಫರ್‌ಳ ತೋಳು ಸೋತಿತ್ತು. ಬೋರ್ಡಿನ ಒಂದು ತುದಿಯನ್ನು ಸುಬಾನಸಾಬರು ಹಿಡಿದಿದ್ದರು. ಸುತ್ತ ಜನ ಸೇರಿದ್ದರು.

"ಬೋರ್ಡ್ ಕೆಳಗಿಳಿಸ್ರಿ. ಏನು ಬೇಕೋ ಕೂತು ಮಾತಾಡೋಣ," ಎಂದ ಅವನು ತಗ್ಗಿದ ದನಿಯಲ್ಲಿ.

"ಇಲ್ಲ."

"ನಿಮ್ ಕೆಲಸ ಉಳಿಸ್ತೀನಿ."

"ಒಲ್ಲೆ ಸರ್. ಬಾಕ್ಸ್ ಮೇಲಿಂದ ಆ ಮಾತು ತೆಗೆಸ್ರಿ. ಇಳಿಸ್ತೀನಿ."

ಅವನು ಬಹಳ ಹೊತ್ತು ಆ ಕೆಂಪು ಅಕ್ಷರಗಳನ್ನೇ ನೋಡಿದ. ಅವನೂ ಈ ಸೀಮೆಯವನೇ. ಹಾಗೆ ಬರೆದದ್ದನ್ನು ಇಷ್ಟು ದೊಡ್ಡದಾಗಿ ನೋಡಿರಲಿಲ್ಲವೇನೋ. ರಸ್ತೆ ದಾಟಿ ಹಿಂತಿರುಗಿ ಹೋದ.

ದೀಪಾವಳಿಗೆ 'ಬೆರಳು' ಅಂಗಡಿಗಳಿಗೆ ಬಂತು. ಪ್ರತಿ ಬಾಕ್ಸಿನ ಮೇಲೂ 'ಕನ್ನಡ' ಎಂಬ ಮಾತಿನ ಮೇಲೆ ಒಂದು ಹಳದಿ ಚೀಟಿ ಅಂಟಿಸಿತ್ತು. ಫೋನಿನೊಳಗೆ ಆ ಚಿತ್ರವೂ ಇರಲಿಲ್ಲ; ಕಾಗುಣಿತದ ಬಳೆ ಮಾತ್ರ ಹಾಗೇ ಉಳಿದಿತ್ತು. ಹಾಲೇಶಪ್ಪ ಅರ್ಧ ಮಾಲು ಮಾತ್ರ ಇಳಿಸಿಕೊಂಡ. ನ್ಯಾಮತಿಯಲ್ಲಿ ನಾಗೇಂದ್ರಪ್ಪ ಹಾಡು ಕೇಳುವವರಿಗೆ ಚೆನ್ನಾಗಿಯೇ ಮಾರಿದ. ಕೇಸು ಯಾರೂ ಹಾಕಲಿಲ್ಲ. ನಿಲೋಫರ್‌ಳನ್ನು ಯಾರೂ ವಾಪಸು ಕರೆಯಲಿಲ್ಲ. ಅವಳು ಮತ್ತೆ ಪೇಟೆಯಲ್ಲಿ ಮದುವೆ ಪತ್ರಿಕೆಗಳ ಮುಂದೆ ಕೂತಳು. ತಾನು ಮಾಡಿದ ಕಾಗುಣಿತದ ಬಳೆಯನ್ನು ಯಾರಾದರೂ ಬಸ್ಸಿನಲ್ಲಿ ಬಿಚ್ಚುವುದು ಕಂಡರೆ ಕಿಟಕಿಯತ್ತ ಮುಖ ತಿರುಗಿಸಿಕೊಳ್ಳುತ್ತಿದ್ದಳು. ಆದರೂ ಒಂದು ದಿನವೂ ತಪ್ಪು ಮಾಡಿದೆ ಅನ್ನಿಸಲಿಲ್ಲ.

ಮುಂದಿನ ಬೇಸಿಗೆ ಮುಗಿಯುವ ಹೊತ್ತಿಗೆ ವಿನೋದ್ ಅಂಗಡಿಯ ಬಾಗಿಲಲ್ಲಿ ನಿಂತಿದ್ದ. ಸೊರಗಿದ್ದ, ಬೆರಳಿನ ಉಗುರುಗಳು ಒಂದೂ ಉಳಿದಿರಲಿಲ್ಲ. ತಂಗಿಯ ಮದುವೆ ಆಯಿತೆಂದ. ಚಿಪ್ಪಿನ ಆ ಭಾಗ ಕಿತ್ತುಹಾಕಿ ಪೂರ್ತಿ ಹೊಸದಾಗಿ ಬರೆದಿದ್ದೇನೆ, ರಘುನಾಥರೇ ಕಳಿಸಿದ್ದಾರೆ, ನಿಮಗೆ ತೋರಿಸಿಯೇ ಬಾ ಅಂದರು, ಎಂದು ಹೊಸ ಫೋನನ್ನು ಅವಳ ಮುಂದಿಟ್ಟ.

ನಿಲೋಫರ್ 'ಅಮ್ಮ' ಎಂದು ಬರೆದಳು. ಬಂತು. 'ಗಿಡ್ಡಮ್ಮ', 'ಹೊನ್ನಾಳಿ', 'ನ್ಯಾಮತಿ', 'ಇಲ್ಲ'. ಎಲ್ಲದರ ಒತ್ತೂ ಅಡಿಯಲ್ಲಿ, ಅದರದರ ಜಾಗದಲ್ಲಿ ಕೂತಿತ್ತು. ವಿನೋದನ ಮುಖ ಅರಳಿತು. ಅವಳು ಅವನನ್ನು ನೋಡದೆ ಇನ್ನೊಂದು ಮಾತು ಬರೆದಳು: 'ಕರ್ನಾಟಕ'. 'ನಾ' ಅಕ್ಷರದ ಬಲಕ್ಕೆ ಬರಬೇಕಾದ ಅರ್ಕಾವತ್ತು ಒಂದು ಅಕ್ಷರ ಹಿಂದೆಯೇ, 'ಕ'ದ ಪಕ್ಕ ಕೂತುಬಿಟ್ಟಿತ್ತು.

ಅವಳು ಫೋನನ್ನು ಅವನ ಕಡೆ ತಿರುಗಿಸಿದಳು.

ವಿನೋದ್ ನೋಡಿದ. "ಅದೊಂದು ಸಣ್ಣದು ಐತೆ ನಿಲೋಫರ್. ಸಾಹೇಬ್ರು ಮುಂದಿನ ವಾರವೇ ಬಿಡ್ಬೇಕಂತಿದಾರೆ. ಆಮೇಲೆ ಸರಿಮಾಡಿದ್ರಾಯ್ತಲ್ಲ?"

"ಇಲ್ಲ," ಎಂದಳು ನಿಲೋಫರ್. ಪಕ್ಕದ ಕುರ್ಚಿಯ ಮೇಲಿದ್ದ ಮದುವೆ ಪತ್ರಿಕೆಗಳ ಕಟ್ಟನ್ನು ಎತ್ತಿ ನೆಲಕ್ಕಿಟ್ಟಳು. "ಲ್ಯಾಪ್‌ಟಾಪ್ ತಂದೀಯಲ್ಲ? ಕೂತ್ಕೊ. ಇವತ್ತು ಆಗದಿದ್ರೆ ನಾಳೆ ಬಾ, ನಾಳೆ ಆಗದಿದ್ರೆ ನಾಡಿದ್ದು ಬಾ. ಇದು ಬರೋ ತನಕ ನಾನು ಹೂಂ ಅನ್ನಲ್ಲ ಅಂತ ನಿಮ್ ಸಾಹೇಬ್ರಿಗೆ ಈಗ್ಲೇ ಫೋನ್ ಮಾಡಿ ಹೇಳು."

ವಿನೋದ್ ಕುರ್ಚಿ ಎಳೆದುಕೊಂಡ.